ಕೊಳವೆಬಾವಿಗೆ ಅನುಮತಿ, ನೀರಿಗೆ ಯೋಜನೆ: ಲೆಕ್ಕದಿಂದ ಮೀಟರ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

"ನಮ್ಮ ಜಾಗ, ನಮ್ಮ ನೀರು. ಕೊರೆಸುವುದಕ್ಕೆ ಸರ್ಕಾರದ ಅಪ್ಪಣೆ ಯಾಕೆ?" ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲೂ ಕೋಲಾರದ ತೋಟಗಳಲ್ಲೂ ಈ ಪ್ರಶ್ನೆ ಇಂದಿಗೂ ಕೇಳಿಬರುತ್ತದೆ. 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ಭೂಮಿಯ ಒಡೆಯನೇ ಅದರಡಿಯ ನೀರಿಗೂ ಒಡೆಯ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಆದರೆ ಬಂಡೆಯ ಬಿರುಕುಗಳಿಗೆ ಸರ್ವೆ ನಂಬರ್ ಇಲ್ಲ. ಪಕ್ಕದ ಜಮೀನಿನವರು ಸಾವಿರ ಅಡಿ ಕೊರೆಸಿದಾಗ ನಮ್ಮ ಮುನ್ನೂರು ಅಡಿಯ ಬಾವಿ ಬತ್ತಿದರೆ ಯಾರನ್ನು ಕೇಳಬೇಕು? ಕರ್ನಾಟಕವು 2011ರಲ್ಲಿ ಅಂತರ್ಜಲ ನಿಯಂತ್ರಣ ಕಾಯ್ದೆಯನ್ನೂ 2012ರಲ್ಲಿ ಅದರ ನಿಯಮಗಳನ್ನೂ ತಂದದ್ದು ಇಂಥ ಪ್ರಶ್ನೆಗಳಿಗೆ ಉತ್ತರವಾಗಿ. ಅದರಡಿ ಕರ್ನಾಟಕ ಅಂತರ್ಜಲ ಪ್ರಾಧಿಕಾರ ಕೆಲಸ ಮಾಡುತ್ತಿದೆ. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿಗಳಿವೆ.

ಈ ಬರಹ ಮುಖ್ಯವಾಗಿ ಅಪಾರ್ಟ್‌ಮೆಂಟ್ ಸಂಘಗಳಿಗೆ ಮತ್ತು ಸಣ್ಣ ಉದ್ದಿಮೆ ನಡೆಸುವವರಿಗೆ. ಬಹುತೇಕರು ಮೊದಲು ಬಾವಿ ಕೊರೆಸುತ್ತಾರೆ, ಆಮೇಲೆ ಅನುಮತಿಗೆ ಓಡಾಡುತ್ತಾರೆ. ನೀರನ್ನು ಹೇಗೆ ಉಳಿಸುತ್ತೇವೆಂದು ಅರ್ಜಿಯೊಡನೆ ಬರೆದುಕೊಡುವ ಸಂರಕ್ಷಣಾ ಯೋಜನೆಯನ್ನಂತೂ ಯಾರೋ ಏಜೆಂಟ್ ಕೊಟ್ಟ ಹಳೆಯ ಪ್ರತಿಯಲ್ಲಿ ಹೆಸರು ಬದಲಿಸಿ ಲಗತ್ತಿಸುತ್ತಾರೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ನೀರಿನ ಲೆಕ್ಕ ಮೊದಲು, ಅದರಿಂದ ಹೊರಡುವ ಸಂರಕ್ಷಣೆಯ ಯೋಜನೆ ಆಮೇಲೆ, ಅರ್ಜಿ ಕೊನೆಗೆ.

ಹಂತ 1: ನಿಮ್ಮ ತಾಲ್ಲೂಕು ಯಾವ ವರ್ಗದಲ್ಲಿದೆ ಎಂದು ತಿಳಿಯಿರಿ

ಕೇಂದ್ರ ಅಂತರ್ಜಲ ಮಂಡಳಿ ಮತ್ತು ರಾಜ್ಯದ ಅಂತರ್ಜಲ ನಿರ್ದೇಶನಾಲಯ ಸೇರಿ ಪ್ರತಿ ತಾಲ್ಲೂಕಿನ ಅಂತರ್ಜಲವನ್ನು ಅಂದಾಜು ಮಾಡುತ್ತವೆ. ವರ್ಷಕ್ಕೆ ತೆಗೆಯಬಹುದಾದ ನೀರಿನಲ್ಲಿ ಶೇ 70ರವರೆಗೆ ಮಾತ್ರ ಬಳಕೆಯಾಗುತ್ತಿದ್ದರೆ ಅದು ಸುರಕ್ಷಿತ ತಾಲ್ಲೂಕು. 70ರಿಂದ 90ರವರೆಗೆ ಅರೆ ಕ್ಲಿಷ್ಟಕರ, 90ರಿಂದ 100ರವರೆಗೆ ಕ್ಲಿಷ್ಟಕರ. ನೂರು ದಾಟಿದರೆ ಅತಿಬಳಕೆ, ಅಂದರೆ ಮಳೆ ತುಂಬಿದ್ದಕ್ಕಿಂತ ಹೆಚ್ಚನ್ನು ಪಂಪು ಎತ್ತುತ್ತಿದೆ ಎಂದರ್ಥ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಭಾಗದ ತಾಲ್ಲೂಕುಗಳು ಬಹುಕಾಲದಿಂದ ಈ ಕೊನೆಯ ಸಾಲಿನಲ್ಲಿವೆ. ಈ ಮಾಹಿತಿ ಇನ್‌ಗ್ರೆಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತದೆ. ಅಂದಾಜು ಆಗಾಗ ಪರಿಷ್ಕರಣೆಯಾಗುವುದರಿಂದ ಇತ್ತೀಚಿನದನ್ನೇ ನೋಡಿ.

ವರ್ಗ ಬೇರೆ, ಅಧಿಸೂಚನೆ ಬೇರೆ. ಕಾಯ್ದೆಯಡಿ ನಿಮ್ಮ ತಾಲ್ಲೂಕನ್ನು ಅಧಿಸೂಚಿತ ಪ್ರದೇಶವೆಂದು ಘೋಷಿಸಲಾಗಿದೆಯೇ ಎಂಬುದನ್ನು ಜಿಲ್ಲಾ ಅಂತರ್ಜಲ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಅಧಿಸೂಚಿತ ಪ್ರದೇಶದಲ್ಲಿ ಹೊಸ ಬಾವಿಗೆ ಮುಂಚಿತವಾಗಿ ಅನುಮತಿ ಬೇಕು, ಹಳೆಯ ಬಾವಿಗೆ ನೋಂದಣಿ ಬೇಕು. ಇರುವ ಬಾವಿಯನ್ನು ಇನ್ನಷ್ಟು ಆಳ ಮಾಡಿಸುವುದಿದ್ದರೂ ಅನುಮತಿಯ ಬಗ್ಗೆ ಮೊದಲೇ ಕೇಳಿ. "ಹಳೆಯ ಬೋರ್, ಸ್ವಲ್ಪ ಇಳಿಸಿದೆವು ಅಷ್ಟೇ" ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಇದರ ಜೊತೆಗೆ 1999ರ ಇನ್ನೊಂದು ಕಾಯ್ದೆ ಇದೆ, ಇದನ್ನು ಬಹಳ ಮಂದಿ ಮರೆಯುತ್ತಾರೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೆಗೆಯುವಂತಿಲ್ಲ. ಪಂಚಾಯಿತಿಯ ಬೋರ್‌ವೆಲ್ ಎಲ್ಲಿದೆ ಎಂದು ಹೋಗಿ ನೋಡಿ, ಅಳೆಯಿಸಿ, ನಕ್ಷೆಯಲ್ಲಿ ಗುರುತಿಸಿ. ಊರಿನ ನಲ್ಲಿಗೆ ನೀರು ಕೊಡುವ ಬಾವಿಯನ್ನು ಒಣಗಿಸುವ ಹಕ್ಕು ಯಾರಿಗೂ ಇಲ್ಲ.

ಬೆಂಗಳೂರು ನಗರದಲ್ಲಿ ಜಲಮಂಡಳಿಯೂ ನಡುವೆ ಬರುತ್ತದೆ. 2024ರ ಮಾರ್ಚ್‌ನ ಬರಗಾಲದಲ್ಲಿ ಅನುಮತಿಯಿಲ್ಲದೆ ಕೊಳವೆಬಾವಿ ಕೊರೆಯುವುದನ್ನು ಅಲ್ಲಿ ಬಿಗಿಯಾಗಿ ತಡೆಯಲಾಯಿತು.

ಹಂತ 2: ಯಾರ ಮಾನದಂಡ?

ಕರ್ನಾಟಕದಲ್ಲಿ ಅನುಮತಿ ಕೊಡುವುದು ರಾಜ್ಯದ ಪ್ರಾಧಿಕಾರ. 1997ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯಡಿ ಹುಟ್ಟಿದ ಕೇಂದ್ರ ಅಂತರ್ಜಲ ಪ್ರಾಧಿಕಾರವು ತಮ್ಮದೇ ನಿಯಂತ್ರಣ ವ್ಯವಸ್ಥೆ ಇಲ್ಲದ ರಾಜ್ಯಗಳಲ್ಲಿ ನೇರವಾಗಿ ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಆದರೂ 24 ಸೆಪ್ಟೆಂಬರ್ 2020ರಂದು ಹೊರಬಂದ ಅದರ ಮಾರ್ಗಸೂಚಿಯನ್ನು ಪಕ್ಕದಲ್ಲಿಟ್ಟುಕೊಂಡೇ ಯೋಜನೆ ಬರೆಯಿರಿ ಎನ್ನುತ್ತೇನೆ. ಆ ಮಟ್ಟವನ್ನು ಮುಟ್ಟಿದ ಅರ್ಜಿಗೆ ರಾಜ್ಯದ ಕಚೇರಿಯಲ್ಲಿ ಆಕ್ಷೇಪ ಬರುವುದು ಕಡಿಮೆ.

ಆ ಮಾರ್ಗಸೂಚಿ ಮನೆಬಳಕೆಯ ಒಂಟಿ ಬಾವಿಗಳಿಗೆ, ಕೃಷಿಗೆ, ದಿನಕ್ಕೆ 10 ಘನ ಮೀಟರ್‌ಗಿಂತ ಕಡಿಮೆ ಎತ್ತುವ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ವಿನಾಯಿತಿ ಕೊಡುತ್ತದೆ. ಒಂದು ಘನ ಮೀಟರ್ ಎಂದರೆ ಸಾವಿರ ಲೀಟರ್. ಆದರೆ ಎಚ್ಚರಿಕೆ: ಕೇಂದ್ರದ ವಿನಾಯಿತಿ ರಾಜ್ಯದ ಅಧಿಸೂಚಿತ ತಾಲ್ಲೂಕಿನಲ್ಲಿ ತಾನಾಗಿ ಅನ್ವಯಿಸುವುದಿಲ್ಲ. ರೈತರೂ ಇದನ್ನು ಗಮನಿಸಬೇಕು. ಅತಿಬಳಕೆಯ ಪ್ರದೇಶದಲ್ಲಿ ದೊಡ್ಡ ಹೊಸ ಕೈಗಾರಿಕೆಗೆ ಅಂತರ್ಜಲ ಸಿಗುವುದಿಲ್ಲ. ಬಾಟಲಿ ನೀರಿನ ಹೊಸ ಘಟಕವಂತೂ ಸಣ್ಣದಾದರೂ ಇಲ್ಲ. ಅಂಥ ತಾಲ್ಲೂಕಿನಲ್ಲಿ ಜಾಗ ಖರೀದಿಸುವ ಮೊದಲೇ ಇದನ್ನು ತಿಳಿದರೆ ಸಾಲದ ಕಂತು ಕಟ್ಟುತ್ತಾ ಕೂರುವುದು ತಪ್ಪುತ್ತದೆ.

ಹಂತ 3: ನೀರಿನ ಲೆಕ್ಕ

ಇದೇ ಇಡೀ ಕೆಲಸದ ತಿರುಳು, ಆದ್ದರಿಂದ ನಿಧಾನವಾಗಿ ಹೋಗೋಣ. ಹೊಸಕೋಟೆ ಕಡೆಯ 60 ಮನೆಗಳ ಒಂದು ಅಪಾರ್ಟ್‌ಮೆಂಟ್ ಎಂದಿಟ್ಟುಕೊಳ್ಳಿ. ಮನೆಗೆ ನಾಲ್ವರಂತೆ 240 ಜನ. ತಲಾ ದಿನಕ್ಕೆ 135 ಲೀಟರ್ ಎಂಬುದು ರೂಢಿಯ ಮಾನದಂಡ. ಅದರಲ್ಲಿ 90 ಲೀಟರ್ ಸ್ನಾನ, ಅಡುಗೆ, ಬಟ್ಟೆ, ಪಾತ್ರೆಗೆ. ಉಳಿದ 45 ಲೀಟರ್ ಶೌಚಾಲಯದ ಫ್ಲಶ್‌ಗೆ.

240 ಜನಕ್ಕೆ ದಿನಕ್ಕೆ 32,400 ಲೀಟರ್. ಸಾಮಾನ್ಯವಾಗಿ ಅರ್ಜಿಯಲ್ಲಿ ಈ ಸಂಖ್ಯೆಯೇ ಕಾಣುತ್ತದೆ. "ಇರಲಿ" ಎಂದು ಅದನ್ನು 50,000 ಮಾಡುವವರೂ ಇದ್ದಾರೆ. ಹಾಗೆ ಮಾಡಬೇಡಿ. ಫ್ಲಶ್‌ಗೆ ಬೇಕಾದ 10,800 ಲೀಟರ್ ಬಾವಿಯಿಂದ ಬರಬೇಕಿಲ್ಲ. ಬಳಸಿದ ನೀರಿನಲ್ಲಿ ಸುಮಾರು ಶೇ 80 ಭಾಗ ಚರಂಡಿಗೆ ಹೋಗುತ್ತದೆ ಎಂದರೆ ದಿನಕ್ಕೆ 25,000 ಲೀಟರಿಗೂ ಹೆಚ್ಚು ಕೊಳಚೆ ನೀರು ನಿಮ್ಮ ಸಂಸ್ಕರಣಾ ಘಟಕಕ್ಕೆ ಬರುತ್ತದೆ. ಫ್ಲಶ್, ತೋಟ, ಕಾರು ತೊಳೆಯುವುದು ಎಲ್ಲವೂ ಅದರಲ್ಲೇ ಆಗಬೇಕು. 2020ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ದಿನಕ್ಕೆ 20 ಘನ ಮೀಟರ್‌ಗಿಂತ ಹೆಚ್ಚು ಅಂತರ್ಜಲ ಬೇಕಿರುವ ಹೊಸ ವಸತಿ ಸಮುಚ್ಚಯಕ್ಕೆ ಸಂಸ್ಕರಣಾ ಘಟಕ ಕಡ್ಡಾಯ. ಹಾಗಾದರೆ ಸಿಹಿನೀರಿನ ಬೇಡಿಕೆ 21,600 ಲೀಟರಿಗೆ ಇಳಿಯಿತು. ವರ್ಷಕ್ಕೆ 7,884 ಘನ ಮೀಟರ್.

ಇನ್ನು ಮಳೆನೀರು. ಛಾವಣಿ 1,000 ಚದರ ಮೀಟರ್, ವರ್ಷದ ಮಳೆ ಲೆಕ್ಕದ ಸುಲಭಕ್ಕೆ 750 ಮಿಲಿಮೀಟರ್, ಅದರಲ್ಲಿ ಶೇ 80 ಕೈಗೆ ಸಿಗುತ್ತದೆ ಎನ್ನೋಣ. ಸಿಗುವುದು 600 ಘನ ಮೀಟರ್, ಅಂದರೆ ವರ್ಷದ ಬೇಡಿಕೆಯ ಶೇ 8ಕ್ಕೂ ಕಡಿಮೆ. ಛಾವಣಿಯ ಮಳೆನೀರು ಕೊಯ್ಲು ಮಾಡಿಬಿಟ್ಟರೆ ನಮ್ಮ ಪಾಲಿನ ಋಣ ತೀರಿತು ಎಂಬ ನಂಬಿಕೆ ಬಹುಮಹಡಿ ಕಟ್ಟಡಗಳಿಗೆ ಸಲ್ಲುವುದಿಲ್ಲ ಎಂದು ಈ ಒಂದು ಸಂಖ್ಯೆ ತೋರಿಸುತ್ತದೆ. ಒಂಟಿ ಮನೆಯ ಕತೆ ಬೇರೆ, ಅಲ್ಲಿ ತಲಾ ಛಾವಣಿ ಹೆಚ್ಚು.

ಹಾಗಾದರೆ ದೊಡ್ಡ ಉಳಿತಾಯ ಎಲ್ಲಿದೆ? ಸೋರಿಕೆಯಲ್ಲಿ. ಇದನ್ನು ಕಂಡುಹಿಡಿಯಲು ಯಂತ್ರ ಬೇಡ. ರಾತ್ರಿ ಎಲ್ಲರೂ ಮಲಗಿದ ಮೇಲೆ ಓವರ್‌ಹೆಡ್ ಟ್ಯಾಂಕ್ ತುಂಬಿಸಿ ಪಂಪು ನಿಲ್ಲಿಸಿ. ಎರಡು ಗಂಟೆಗೆ ಟ್ಯಾಂಕಿನ ಮುಚ್ಚಳ ತೆಗೆದು, ಸ್ಟೀಲ್ ಸ್ಕೇಲನ್ನು ಗೋಡೆಗೆ ಹಿಡಿದು, ಟಾರ್ಚ್ ಬೆಳಕಿನಲ್ಲಿ ನೀರಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ನಾಲ್ಕು ಗಂಟೆಗೆ ಮತ್ತೆ ನೋಡಿ. ಟ್ಯಾಂಕು ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ ಇದ್ದರೆ ಒಂದು ಸೆಂಟಿಮೀಟರ್ ಇಳಿತ ಎಂದರೆ 200 ಲೀಟರ್. ಒಂದೂವರೆ ಸೆಂಟಿಮೀಟರ್ ಇಳಿದಿದ್ದರೆ ಎರಡು ಗಂಟೆಯಲ್ಲಿ 300 ಲೀಟರ್ ಹೋಗಿದೆ. ರಾತ್ರಿ ಎದ್ದವರ ಬಳಕೆಯನ್ನು ಕಳೆಯಲು ಎರಡು ಮೂರು ರಾತ್ರಿ ಅಳೆದು ಅತಿ ಕಡಿಮೆಯದನ್ನು ಹಿಡಿಯಿರಿ. ಅದೂ ಗಂಟೆಗೆ 150 ಲೀಟರ್ ಬಂದರೆ ದಿನಕ್ಕೆ 3,600 ಲೀಟರ್, ವರ್ಷಕ್ಕೆ 1,314 ಘನ ಮೀಟರ್. ಛಾವಣಿಯ ಇಡೀ ವರ್ಷದ ಮಳೆಯ ಎರಡರಷ್ಟಕ್ಕಿಂತ ಹೆಚ್ಚು ನೀರು ಹಾಳಾದ ಫ್ಲಶ್ ವಾಲ್ವ್‌ಗಳಲ್ಲಿ, ಸರಿಯಾಗಿ ಮುಚ್ಚದ ಫ್ಲೋಟ್‌ಗಳಲ್ಲಿ ಹರಿದುಹೋಗುತ್ತಿದೆ!

ಉದ್ದಿಮೆಗೂ ಇದೇ ಕ್ರಮ, ಪ್ರಕ್ರಿಯೆಯ ನೀರನ್ನು ಬೇರೆಯಾಗಿ ಬರೆಯಬೇಕು ಅಷ್ಟೇ. ಆರ್‌ಒ ಯಂತ್ರ ಹೊರಹಾಕುವ ನೀರನ್ನು, ಬಾಯ್ಲರ್ ಮತ್ತು ಕೂಲಿಂಗ್ ಟವರಿಗೆ ಸೇರಿಸುವ ನೀರನ್ನು ಬಿಡದೆ ಲೆಕ್ಕಕ್ಕೆ ತನ್ನಿ. ಈ ಸಾಲುಗಳೇ ಅರ್ಜಿಗಳಲ್ಲಿ ಕಾಣೆಯಾಗುವುದು.

ಹಂತ 4: ಸಂರಕ್ಷಣಾ ಯೋಜನೆ ಬರೆಯುವುದು

ಯೋಜನೆಯಲ್ಲಿ ಒಳ್ಳೆಯ ಮಾತುಗಳು ಬೇಡ. ಈಗ ಎಷ್ಟು ಬಳಕೆ, ಒಂದು ವರ್ಷದಲ್ಲಿ ಎಷ್ಟಕ್ಕೆ ಇಳಿಸುತ್ತೀರಿ, ಮೂರು ವರ್ಷದಲ್ಲಿ ಎಷ್ಟಕ್ಕೆ, ಯಾವ ಕೆಲಸದಿಂದ ಎಷ್ಟು ಲೀಟರ್ ಉಳಿಯುತ್ತದೆ, ಹಣ ಎಲ್ಲಿಂದ, ಹೊಣೆ ಯಾರದು: ಇಷ್ಟನ್ನು ಕೋಷ್ಟಕ ಮಾಡಿ. ದಿನಕ್ಕೆ 100 ಘನ ಮೀಟರ್‌ಗಿಂತ ಹೆಚ್ಚು ಎತ್ತುವ ಕೈಗಾರಿಕೆಗಳು ವರ್ಷಕ್ಕೊಮ್ಮೆ ಮಾನ್ಯತೆ ಪಡೆದ ಲೆಕ್ಕಪರಿಶೋಧಕರಿಂದ ನೀರಿನ ಆಡಿಟ್ ಮಾಡಿಸಿ, ಮೂರು ವರ್ಷದಲ್ಲಿ ಅಂತರ್ಜಲ ಬಳಕೆಯನ್ನು ಕನಿಷ್ಠ ಶೇ 20ರಷ್ಟು ಇಳಿಸಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಚಿಕ್ಕವರೂ ಅದೇ ಗುರಿ ಇಟ್ಟುಕೊಳ್ಳಬಾರದೇಕೆ?

ಕೆಲಸಗಳ ಅನುಕ್ರಮದಲ್ಲಿ ಅಗ್ಗದ್ದು ಮೊದಲು ಬರಲಿ. ಸೋರಿಕೆ ನಿಲ್ಲಿಸುವುದು, ನಲ್ಲಿಗಳಿಗೆ ಏರೇಟರ್ ಹಾಕುವುದು, ಪ್ರತಿ ಮನೆಗೂ ಮೀಟರ್ ಕೂರಿಸಿ ಬಳಸಿದಷ್ಟಕ್ಕೆ ಬಿಲ್ ಮಾಡುವುದು. ಮೀಟರ್ ಬಂದ ತಿಂಗಳಿನಿಂದಲೇ ಜನರ ಕೈ ನಲ್ಲಿ ಮುಚ್ಚುವ ಕಡೆ ಹೋಗುತ್ತದೆ. ಆಮೇಲೆ ಸಂಸ್ಕರಿಸಿದ ನೀರಿಗೆ ಪ್ರತ್ಯೇಕ ಪೈಪು. ಹೊಸ ಕಟ್ಟಡವಾದರೆ ಇದನ್ನು ನಕ್ಷೆಯ ಹಂತದಲ್ಲೇ ಸೇರಿಸಿ, ಕಟ್ಟಿದ ಮೇಲೆ ಗೋಡೆ ಒಡೆಯುವ ಖರ್ಚು ಬಹಳ.

ಇಂಗು ಬಾವಿಯ ವಿಷಯದಲ್ಲಿ ಮೂರು ಮಾತು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ವ್ಯವಸ್ಥೆ ಇರಬೇಕು, ಆಮೇಲಿನದಕ್ಕೆ ಜಲ್ಲಿ ಮತ್ತು ಮರಳಿನ ಶೋಧಕ. ಸಂಸ್ಕರಿಸಿದ ಕೊಳಚೆ ನೀರನ್ನು ಕೊಳವೆಬಾವಿಗೆ ಇಳಿಸುವುದು ಸಲ್ಲದು. ಬಂಡೆಯ ಬಿರುಕಿಗೆ ಹೋದ ಕೊಳೆಯನ್ನು ಯಾರೂ ತೊಳೆದು ತೆಗೆಯಲಾರರು. ಬಣ್ಣ, ಚರ್ಮ, ರಾಸಾಯನಿಕದಂಥ ಮಾಲಿನ್ಯದ ಉದ್ದಿಮೆಗಳು ತಮ್ಮ ಅಂಗಳದ ಮಳೆನೀರನ್ನು ಇಂಗಿಸಬಾರದು, ಸಂಗ್ರಹಿಸಿ ಬಳಸಬೇಕು. ಇಂಗು ಬಾವಿ ತೋಡಿಸಲು ಬೆಂಗಳೂರು ಸುತ್ತಮುತ್ತ ಮಣ್ಣು ವಡ್ಡರ ಸಮುದಾಯದ ಬಾವಿ ತೋಡುವವರಿದ್ದಾರೆ. ಮಣ್ಣಿನ ಪದರಗಳ ಬಗ್ಗೆ ಅವರಿಗಿರುವ ಅರಿವು ತಲೆಮಾರುಗಳದ್ದು; ಕೇಳಿ, ಕಲಿಯಿರಿ, ಸರಿಯಾದ ಕೂಲಿ ಕೊಡಿ. ಮಾದರಿಗಳನ್ನು ಕಣ್ಣಾರೆ ನೋಡಬೇಕೆಂದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರವಿದೆ.

ಹಂತ 5: ಸ್ಥಳ ಪರೀಕ್ಷೆ ಮತ್ತು ದಾಖಲೆಗಳು

ತೆಂಗಿನಕಾಯಿ ಹಿಡಿದು ಪಾಯಿಂಟ್ ಹಾಕುವವರ ಮೇಲೆ ನಂಬಿಕೆ ಇರುವವರೊಡನೆ ನಾನು ವಾದಕ್ಕಿಳಿಯುವುದಿಲ್ಲ. ಆದರೆ ಅರ್ಜಿಯ ಜೊತೆ ಹೋಗಬೇಕಾದ್ದು ಭೂವಿಜ್ಞಾನಿಯ ವರದಿ. ನಮ್ಮ ನಾಡಿನ ಬಹುಭಾಗ ಗ್ರಾನೈಟ್ ಮತ್ತು ನೈಸ್ ಶಿಲೆ. ನೀರು ಇರುವುದು ಮೇಲಿನ ಸವೆದ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ವಿದ್ಯುತ್ ರೋಧ ಪರೀಕ್ಷೆ ಈ ಪದರಗಳ ಅಂದಾಜು ಕೊಡುತ್ತದೆ.

ಸಾಮಾನ್ಯವಾಗಿ ಕೇಳುವ ದಾಖಲೆಗಳು ಇವು: ಪಹಣಿ ಅಥವಾ ಖಾತೆ, ಇರುವ ಮತ್ತು ಉದ್ದೇಶಿತ ಬಾವಿಗಳನ್ನು ಅಕ್ಷಾಂಶ ರೇಖಾಂಶ ಸಮೇತ ಗುರುತಿಸಿದ ನಿವೇಶನದ ನಕ್ಷೆ, ನೀರಿನ ಲೆಕ್ಕ, ಸಂರಕ್ಷಣಾ ಯೋಜನೆ, ಮಾನ್ಯತೆ ಪಡೆದ ಪ್ರಯೋಗಾಲಯದ ನೀರಿನ ವರದಿ, ನಲ್ಲಿ ನೀರು ಪೂರೈಸಲಾಗದೆಂದು ಸ್ಥಳೀಯ ಸಂಸ್ಥೆ ಕೊಟ್ಟ ಪತ್ರ, ಉದ್ದಿಮೆಯಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ. ಹೆಚ್ಚು ನೀರು ಎತ್ತುವ ದೊಡ್ಡ ಯೋಜನೆಯಾದರೆ ಸುತ್ತಲಿನ ಬಾವಿಗಳ ಮೇಲಾಗುವ ಪರಿಣಾಮದ ವರದಿಯನ್ನೂ ಸಿದ್ಧಪಡಿಸಿ. ಪ್ರಯೋಗಾಲಯದ ವರದಿಯನ್ನು ಓದದೆ ಲಗತ್ತಿಸಬೇಡಿ: ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಬಯಲುಸೀಮೆಯ ಎಷ್ಟೋ ಬಾವಿಗಳು ಇಲ್ಲೇ ಸೋಲುತ್ತವೆ.

ಹಂತ 6: ಅರ್ಜಿ ಮತ್ತು ಸ್ಥಳ ತನಿಖೆ

ಅರ್ಜಿಯನ್ನು ನಿಗದಿತ ನಮೂನೆಯಲ್ಲಿ, ಆಯಾ ಕಾಲದ ಶುಲ್ಕದೊಂದಿಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ತನಿಖೆಗೆ ಬರುವ ಭೂವಿಜ್ಞಾನಿ ನೋಡುವುದು ಇಷ್ಟು: ನೀರು ಯಾವ ಉದ್ದೇಶಕ್ಕೆ, ಎಷ್ಟು, ಸುತ್ತ ಯಾರ್‍ಯಾರು ಬಳಸುತ್ತಿದ್ದಾರೆ, ಬಾವಿಗಳ ನಡುವಿನ ಅಂತರವೆಷ್ಟು, ವರ್ಷಗಳಿಂದ ನೀರಿನ ಮಟ್ಟ ಹೇಗಿದೆ, ಹತ್ತಿರದ ಕುಡಿಯುವ ನೀರಿಗೆ ತೊಂದರೆಯಾಗುವುದೇ. ಹಳೆಯ ವಿಫಲ ಬಾವಿಗಳನ್ನು ಮರೆಮಾಚಬೇಡಿ. ನಕ್ಷೆಯಲ್ಲಿ ಇಲ್ಲದ ಬಾವಿ ನೆಲದ ಮೇಲೆ ಕಂಡರೆ ಉಳಿದ ಎಲ್ಲ ಸಂಖ್ಯೆಗಳ ಮೇಲೂ ಅನುಮಾನ ಬರುತ್ತದೆ.

ಹಂತ 7: ಕೊರೆಯುವ ದಿನ

ಅನುಮತಿ ಪತ್ರ ಕೈಗೆ ಬರುವವರೆಗೆ ರಿಗ್ ಲಾರಿಗೆ ಮುಂಗಡ ಕೊಡಬೇಡಿ. ಕೊರೆಯುವ ಏಜೆನ್ಸಿ ನೋಂದಾಯಿತವಾಗಿರಬೇಕು, ನೋಂದಣಿ ಪತ್ರದ ಪ್ರತಿ ಕೇಳಿ.

ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಸುರಕ್ಷತಾ ನಿರ್ದೇಶನಗಳನ್ನು ಒಂದಕ್ಷರ ಬಿಡದೆ ಪಾಲಿಸಿ. ಕೊರೆಯುವ 15 ದಿನ ಮೊದಲು ಸ್ಥಳೀಯ ಅಧಿಕಾರಿಗಳಿಗೆ ಬರಹದಲ್ಲಿ ತಿಳಿಸಬೇಕು. ಬಾವಿಯ ಬಳಿ ಮಾಲೀಕರ ಮತ್ತು ಏಜೆನ್ಸಿಯ ವಿಳಾಸವಿರುವ ಫಲಕ, ಸುತ್ತ ಮುಳ್ಳುತಂತಿ ಅಥವಾ ತಡೆ ಇರಬೇಕು. ಕೇಸಿಂಗ್ ಪೈಪಿನ ಸುತ್ತ ಅರ್ಧ ಮೀಟರ್ ಉದ್ದ ಅರ್ಧ ಮೀಟರ್ ಅಗಲದ ಕಾಂಕ್ರೀಟ್ ಕಟ್ಟೆ ನೆಲದ ಮೇಲೆ 30 ಸೆಂಟಿಮೀಟರ್, ಕೆಳಗೆ 30 ಸೆಂಟಿಮೀಟರ್ ಇರಬೇಕು. ಬಾಯಿಗೆ ಬೆಸುಗೆ ಹಾಕಿದ ಉಕ್ಕಿನ ತಟ್ಟೆ ಅಥವಾ ಬೋಲ್ಟ್ ಬಿಗಿದ ಮುಚ್ಚಳ. ಪಂಪು ದುರಸ್ತಿಗೆ ಎತ್ತಿದ ಒಂದು ಗಂಟೆಯೂ ಬಾಯಿ ತೆರೆದಿರಬಾರದು. ನೀರು ಬರದಿದ್ದರೆ ತಳದಿಂದ ನೆಲಮಟ್ಟದವರೆಗೆ ಜೇಡಿ, ಮರಳು, ಕಲ್ಲುಗಳಿಂದ ತುಂಬಿಸಬೇಕು. ಮೇಲೆ ಗೋಣಿಚೀಲ ಮುಚ್ಚಿ ಕಲ್ಲಿಟ್ಟು ಹೋಗುವುದು ಅಪರಾಧ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಪುಟ್ಟ ಮಗು ಬಾವಿಗೆ ಬಿದ್ದಾಗ ರಾಜ್ಯವೇ ಉಸಿರು ಬಿಗಿಹಿಡಿದಿತ್ತು. ಮಗು ಬದುಕಿ ಬಂದಿತು. ಅದೇ ವರ್ಷ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದು ಮುಚ್ಚದವರಿಗೆ ಶಿಕ್ಷೆಯನ್ನು ಹೆಚ್ಚಿಸಲಾಯಿತು.

"ಎರಡೂವರೆ ಇಂಚು ನೀರು ಸಿಕ್ಕಿತು" ಎಂದು ರಿಗ್ಗಿನವರು ಹೇಳಿದ ಮಾತ್ರಕ್ಕೆ ಪಂಪು ಖರೀದಿಸಬೇಡಿ. ಕಂಪ್ರೆಸರ್ ಗಾಳಿಗೆ ಚಿಮ್ಮುವುದು ಬಿರುಕುಗಳಲ್ಲಿ ನಿಂತಿದ್ದ ನೀರೂ ಹೌದು. ಪರೀಕ್ಷಾ ಪಂಪು ಇಳಿಸಿ ಗಂಟೆಗಟ್ಟಲೆ ಓಡಿಸಿ, 200 ಲೀಟರಿನ ಡ್ರಮ್ ತುಂಬಲು ಎಷ್ಟು ಹೊತ್ತು ಎಂದು ಆಗಾಗ ಅಳೆಯಿರಿ. ಎರಡೂವರೆ ನಿಮಿಷವಾದರೆ ಗಂಟೆಗೆ 4,800 ಲೀಟರ್. ಪಂಪು ನಿಲ್ಲಿಸಿದ ಮೇಲೆ ನೀರು ಹಳೆಯ ಮಟ್ಟಕ್ಕೆ ಮರಳಲು ಎಷ್ಟು ಹೊತ್ತಾಯಿತು ಎಂಬುದನ್ನೂ ಬರೆದಿಡಿ. ಬಾವಿಯ ನಿಜವಾದ ಶಕ್ತಿ ತಿಳಿಯುವುದು ಅಲ್ಲಿ.

ಹಂತ 8: ಅನುಮತಿಯ ಷರತ್ತುಗಳೊಡನೆ ಬಾಳುವುದು

ಪ್ರತಿ ಬಾವಿಗೂ ಮೊಹರು ಮಾಡಿದ ಮೀಟರ್ ಇರಲಿ, ದಿನದ ಓದುವಿಕೆ ಒಂದು ಪುಸ್ತಕದಲ್ಲಿರಲಿ. ನೀರಿನ ಮಟ್ಟ ನೋಡುವ ವೀಕ್ಷಣಾ ಬಾವಿಯನ್ನೂ ಬಳಕೆಗೆ ತಕ್ಕಂತೆ ಮಾಡಿಸಬೇಕು. ಕೇಂದ್ರದ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 10ರಿಂದ 50 ಘನ ಮೀಟರ್ ಎತ್ತುವವರಿಗೆ ಕೈಯಲ್ಲಿ ಅಳೆಯುವ ಒಂದು ಸಾಕು, 50 ದಾಟಿದರೆ ಡಿಜಿಟಲ್ ದಾಖಲೆಯ ಉಪಕರಣ ಬೇಕು. ಪಂಪಿರುವ ಬಾವಿಯಿಂದ ಕನಿಷ್ಠ 50 ಮೀಟರ್ ದೂರದಲ್ಲಿ, ಅಷ್ಟೇ ಆಳಕ್ಕೆ ಕೊರೆಸಿ. ಅಳೆಯುವ ಮೊದಲು ಸುತ್ತಲಿನ ಪಂಪುಗಳು ನಾಲ್ಕರಿಂದ ಆರು ಗಂಟೆ ನಿಂತಿರಬೇಕು, ಇಲ್ಲದಿದ್ದರೆ ನೀವು ಬರೆಯುವ ಅಂಕಿ ಸುಳ್ಳಾಗುತ್ತದೆ. ಬೆಳಗಿನ ಪಂಪು ಹಾಕುವ ಮೊದಲು ಅಳೆಯುವ ರೂಢಿ ಅನುಕೂಲ.

ಈ ಪುಸ್ತಕವನ್ನು ತನಿಖೆಗಾಗಿ ಬರೆಯುವ ಲೆಕ್ಕ ಎಂದುಕೊಳ್ಳಬೇಡಿ. ವರ್ಷದಿಂದ ವರ್ಷಕ್ಕೆ ಏಪ್ರಿಲ್ ತಿಂಗಳ ಮಟ್ಟ ಕೆಳಗಿಳಿಯುತ್ತಿದ್ದರೆ ಸಂಘದ ಸಭೆಯಲ್ಲಿ ಅದನ್ನು ಓದಿ ಹೇಳಿ, ಆಗಲೇ ಬಳಕೆ ಇಳಿಸಿ. ಇನ್ನೊಂದು ಬಾವಿ ಕೊರೆಸುವ ಠರಾವು ಸುಲಭವಾಗಿ ಪಾಸಾಗುತ್ತದೆ. ಹೊಸ ಬಾವಿ ಹೀರುವುದು ಸಾಮಾನ್ಯವಾಗಿ ಅದೇ ಬಿರುಕಿನ ನೀರನ್ನೇ.

ಅನುಮತಿಯ ಅವಧಿ ಪತ್ರದ ಮೇಲೆಯೇ ಇರುತ್ತದೆ. ಅದು ಮುಗಿಯುವ ಮೂರು ತಿಂಗಳ ಮೊದಲೇ ನವೀಕರಣಕ್ಕೆ ಸಿದ್ಧರಾಗಿ: ಮೀಟರ್ ಪುಸ್ತಕ, ಮಟ್ಟದ ದಾಖಲೆ, ಹೊಸ ನೀರಿನ ವರದಿ, ಯೋಜನೆಯಲ್ಲಿ ಹೇಳಿದ್ದರಲ್ಲಿ ಎಷ್ಟು ಮಾಡಿದಿರಿ ಎಂಬ ಫೋಟೊ ಸಹಿತ ವಿವರ.

ಅರ್ಜಿ ತಿರಸ್ಕೃತವಾದರೆ

ಕಾರಣವನ್ನು ಬರಹದಲ್ಲಿ ಪಡೆಯಿರಿ. ದಾಖಲೆ ಕೊರತೆಯಾದರೆ ಪೂರೈಸಿ ಮರುಸಲ್ಲಿಸಬಹುದು. ಪ್ರಮಾಣ ಹೆಚ್ಚಾಯಿತೆಂಬ ಕಾರಣವಾದರೆ ಮೂರನೇ ಹಂತಕ್ಕೆ ಮರಳಿ, ಸಂಸ್ಕರಿಸಿದ ನೀರಿನ ಪಾಲನ್ನು ಹೆಚ್ಚಿಸಿ, ಕಡಿಮೆ ಸಂಖ್ಯೆಯೊಂದಿಗೆ ಬನ್ನಿ. ಕುಡಿಯುವ ನೀರಿನ ಬಾವಿ ಹತ್ತಿರವಿದೆ ಎಂಬ ಕಾರಣವಾದರೆ ಜಾಗ ಬದಲಿಸುವುದೇ ದಾರಿ. ಅಲ್ಲಿ ಶಿಫಾರಸು ಹುಡುಕಿಕೊಂಡು ಹೋಗಬೇಡಿ. ಅತಿಬಳಕೆಯ ತಾಲ್ಲೂಕಿನಲ್ಲಿ ಉದ್ದಿಮೆಗೆ ನೀರೇ ಇಲ್ಲವೆಂದಾದರೆ ಹತ್ತಿರದ ನಗರಸಭೆಯ ಸಂಸ್ಕರಿಸಿದ ನೀರನ್ನು ಕೇಳಿ ಅರ್ಜಿ ಹಾಕಿ. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅಷ್ಟು ದೂರ ಹೋಗಬಲ್ಲ ನೀರು ಪಕ್ಕದ ಕೈಗಾರಿಕಾ ಪ್ರದೇಶಕ್ಕೆ ಬರಲಾರದೆಂದಿಲ್ಲ. ಅರ್ಜಿಯಲ್ಲಿ ದಿನಕ್ಕೆ ಎಷ್ಟು ನೀರು ಬೇಕು, ಯಾವ ಗುಣಮಟ್ಟದ್ದು ಸಾಕು ಎಂಬ ಎರಡನ್ನೂ ಸ್ಪಷ್ಟವಾಗಿ ಬರೆಯಿರಿ.